ಮಳೆಗಾಲದಲ್ಲಿ ಕೆಡುವ ಕೀಬೋರ್ಡ್, ಮೌಸ್: ನಾನು ಸರಿಮಾಡುವ ಬಗೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನನಗೆ ಬರುವ ಫೋನ್‌ಗಳೇ ಬೇರೆ. ಬೇಸಿಗೆಯಲ್ಲಿ ಕಂಪ್ಯೂಟರ್ ಸ್ಲೋ ಅನ್ನುತ್ತಿದ್ದವರು ಈಗ "ಅಣ್ಣ, ಕೆಲವು ಅಕ್ಷರ ಬರ್ತಾನೇ ಇಲ್ಲ", "ಮೌಸ್ ಒಂದ್ಸಲ ಒತ್ತಿದ್ರೆ ಎರಡ್ಸಲ ಆಗುತ್ತೆ" ಅನ್ನುತ್ತಾರೆ. ನಾನು ಮಡಿಕೇರಿಯಲ್ಲಿ ಡೆಸ್ಕ್‌ಟಾಪ್ ರಿಪೇರಿ ಮಾಡುವವನು. ಕಾಫಿ ತೋಟದ ಆಫೀಸು, ಝೆರಾಕ್ಸ್ ಅಂಗಡಿ, ಹೋಂಸ್ಟೇ, ಇವರೇ ನನ್ನ ಗಿರಾಕಿಗಳು. ಹೊಸದು ಕೊಳ್ಳುವ ಮೊದಲು ತೊಂದರೆ ಕೀಬೋರ್ಡ್‌ನಲ್ಲಿದೆಯಾ, ವಯರ್ ಚುಚ್ಚುವ ಪೋರ್ಟ್‌ನಲ್ಲಿದೆಯಾ, ವಿಂಡೋಸ್‌ನಲ್ಲಿದೆಯಾ ಅಂತ ಹುಡುಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಭಾಗಮಂಡಲದಿಂದ ಮಡಿಕೇರಿಗೆ ಬಸ್ ಹತ್ತಿ ಬಂದು ಕೀಬೋರ್ಡ್ ಕೊಂಡು ಹೋಗಿ, ಅದೂ ಕೆಲಸ ಮಾಡದಿದ್ದರೆ ದುಡ್ಡೂ ದಂಡ, ದಿನವೂ ದಂಡ.

ಫೋನ್‌ನಲ್ಲಿ ನಾನು ಮೊದಲು ಕೇಳುವುದು ಒಂದೇ. ನಮ್ ಲಾಕ್ ಒತ್ತಿ, ದೀಪ ಹತ್ತಿ ಆರುತ್ತಾ ನೋಡಿ. ಆ ದೀಪವನ್ನು ಹತ್ತಿಸುವುದು ಕೀಬೋರ್ಡ್ ಅಲ್ಲ, ಕಂಪ್ಯೂಟರ್. ನೀವು ಒತ್ತಿದ್ದು ಕಂಪ್ಯೂಟರ್‌ಗೆ ತಲುಪಿ, ಅದು ವಾಪಸ್ ಹೇಳಿದರೆ ಮಾತ್ರ ದೀಪ ಬದಲಾಗುತ್ತದೆ. ಹಾಗಾಗಿ ದೀಪ ಹತ್ತಿ ಆರಿದರೆ ವಯರ್, ಪೋರ್ಟ್ ಎರಡೂ ಸರಿ ಇವೆ. ತೊಂದರೆ ಕೆಲವು ಕೀಗಳಲ್ಲಿ ಅಥವಾ ಸೆಟ್ಟಿಂಗ್‌ನಲ್ಲಿ ಇರುತ್ತದೆ. ದೀಪ ಒಂದೇ ಸ್ಥಿತಿಯಲ್ಲಿ ನಿಂತು, ಮೌಸ್ ಕೂಡ ಅಲುಗಾಡದಿದ್ದರೆ ಕಂಪ್ಯೂಟರ್ ಹ್ಯಾಂಗ್ ಆಗಿರುವುದೇ ಜಾಸ್ತಿ. ಯಾವ ದೀಪವೂ ಹತ್ತದಿದ್ದರೆ ಕೀಬೋರ್ಡ್‌ಗೆ ಕರೆಂಟೇ ಹೋಗುತ್ತಿಲ್ಲವೇನೋ ಎಂದು ಪೋರ್ಟ್ ಕಡೆ ಹೋಗುತ್ತೇನೆ.

ಸಿಪಿಯು ಮುಂದಿನ ಯುಎಸ್‌ಬಿ ಪೋರ್ಟ್‌ಗಳು ಒಳಗೆ ಒಂದು ವಯರ್ ಮೂಲಕ ಮದರ್‌ಬೋರ್ಡ್‌ಗೆ ಸೇರುತ್ತವೆ. ಆ ವಯರ್ ಸಡಿಲವಾಗುವುದುಂಟು. ಹಿಂದಿನವು ಮದರ್‌ಬೋರ್ಡ್ ಮೇಲೇ ಕೂತಿರುತ್ತವೆ. ಅದಕ್ಕೇ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಇದ್ದರೆ ತೆಗೆದು, ನೇರ ಹಿಂದೆ ಚುಚ್ಚಿ ನೋಡಲು ಹೇಳುತ್ತೇನೆ. ಆಗಲೂ ಇಲ್ಲವೆಂದರೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡಬೇಕು. ಒಳಗೆ ಉಳಿದ ಕರೆಂಟ್ ಖಾಲಿಯಾಗಿ ಪೋರ್ಟ್ ಹೊಸದಾಗಿ ಶುರುವಾಗುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ ಇದರಿಂದಲೇ ಎಷ್ಟೋ ಕೇಸು ಮುಗಿಯುತ್ತವೆ. ಆದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಕಾಲದ ಗುಡುಗು, ಸಿಡಿಲಿಗೆ ಪೋರ್ಟೇ ಸುಟ್ಟಿದ್ದರೆ ಇದು ಉಪಯೋಗಕ್ಕೆ ಬರುವುದಿಲ್ಲ.

ಹಳೇ ತೋಟದ ಆಫೀಸುಗಳಲ್ಲಿ ಇನ್ನೂ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್, ಮೌಸ್ ಇವೆ. 1987ರಲ್ಲಿ ಐಬಿಎಂ ತಂದ ಪದ್ಧತಿ ಅದು. ನೇರಳೆ ಬಣ್ಣದ್ದು ಕೀಬೋರ್ಡ್‌ಗೆ, ಹಸಿರು ಮೌಸ್‌ಗೆ. ಇದನ್ನು ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಬೇಕು. ಆನ್ ಇದ್ದಾಗ ಚುಚ್ಚಿದರೆ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ, ಒಮ್ಮೊಮ್ಮೆ ಪೋರ್ಟ್ ಹಾಳಾಗುತ್ತದೆ. ಆರು ಸಣ್ಣ ಪಿನ್‌ಗಳಲ್ಲಿ ಒಂದು ಬಾಗಿದ್ದರೂ ಕೆಲಸ ಕೆಟ್ಟಿತು, ಟಾರ್ಚ್ ಹಾಕಿ ನೋಡಿ.

ಪೋರ್ಟ್ ಸರಿ ಇದ್ದರೆ ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ ಬಾಣದ ಕೀ ಒತ್ತುತ್ತೇನೆ. ಅಲ್ಲಿ ಕೀಬೋರ್ಡ್ ಓಡಿ, ವಿಂಡೋಸ್‌ನಲ್ಲಿ ಓಡದಿದ್ದರೆ ವಸ್ತು ಚೆನ್ನಾಗಿದೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಕೀಬೋರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಡ್ರೈವರ್ (ಕೀಬೋರ್ಡ್ ಓಡಿಸುವ ಪ್ರೋಗ್ರಾಂ) ಹಾಕಿಕೊಳ್ಳುತ್ತದೆ. ಲಾಗಿನ್‌ಗೆ ಪಾಸ್‌ವರ್ಡ್ ಹೊಡೆಯಲು ಆಗದವರು, ಪರದೆಯ ಕೆಳಗಿನ ಮೂಲೆಯ ಆಕ್ಸೆಸಿಬಿಲಿಟಿ ಗುರುತು ಒತ್ತಿ ಆನ್‌ಸ್ಕ್ರೀನ್ ಕೀಬೋರ್ಡ್ ತೆಗೆದು ಮೌಸ್‌ನಿಂದಲೇ ಹೊಡೆಯಬಹುದು.

ಸೆಟ್ಟಿಂಗ್ ಬದಲಾಗಿ ಕೀಬೋರ್ಡ್ ಸತ್ತಂತೆ ಕಾಣುವುದೂ ಇದೆ. ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ರೈಟರ್ (ಗುಮಾಸ್ತ) ಒಬ್ಬರು ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ನೋಡುತ್ತಾ ಬೆರಳನ್ನು ಬಲಗಡೆಯ ಶಿಫ್ಟ್ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಅದನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಆನ್ ಮಾಡಲಾ ಅಂತ ವಿಂಡೋಸ್ ಕೇಳುತ್ತದೆ. ಅವರು ಓದದೆ ಎಂಟರ್ ಒತ್ತಿಬಿಡುತ್ತಿದ್ದರು. ಆಮೇಲೆ ಬೇಗ ಒತ್ತಿ ಬಿಟ್ಟ ಕೀ ಯಾವುದೂ ದಾಖಲಾಗುವುದಿಲ್ಲ, ನಿಧಾನಕ್ಕೆ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ಆ ಶಾರ್ಟ್‌ಕಟ್ಟನ್ನೇ ಆಫ್ ಮಾಡಿ ಬಂದೆ. ಪಾಸ್‌ವರ್ಡ್ ಸರಿ ಹೊಡೆದರೂ ತಪ್ಪು ಅಂದರೆ ಭಾಷೆ ಕನ್ನಡಕ್ಕೆ ತಿರುಗಿದೆಯಾ ನೋಡಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ.

ಈಗ ತೇವದ ವಿಷಯ. ನಮ್ಮೂರಲ್ಲಿ ಕೀಬೋರ್ಡ್ ಹಾಳಾಗುವುದಕ್ಕೆ ಇದೇ ದೊಡ್ಡ ಕಾರಣ. ಅಗ್ಗದ ಕೀಬೋರ್ಡ್ ಬಿಚ್ಚಿದರೆ ರಬ್ಬರ್ ಗುಳ್ಳೆಗಳ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ ಸಿಗುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಕರೆಂಟ್ ಹರಿಯುವ ಇಂಕಿನ ಗೆರೆಗಳು, ನಡುವಿನದರಲ್ಲಿ ತೂತುಗಳು. ಕೀ ಒತ್ತಿದಾಗ ತೂತಿನ ಮೂಲಕ ಎರಡು ಗೆರೆ ತಾಗುತ್ತವೆ. ಹಾಳೆಗಳ ನಡುವೆ ನೀರಿನ ಪಸೆ ಸೇರಿದರೆ ಸುಲಭಕ್ಕೆ ಒಣಗುವುದಿಲ್ಲ. ಅದು ಇಂಕನ್ನು ತಿನ್ನುತ್ತಾ ಹೋಗಿ ಗೆರೆ ತುಂಡಾಗುತ್ತದೆ. ಒಂದೇ ಗೆರೆ ಹಲವು ಕೀಗಳಿಗೆ ಹೋಗುವುದರಿಂದ ಅಷ್ಟೂ ಕೀ ಒಟ್ಟಿಗೆ ಸಾಯುತ್ತವೆ. ಆದ್ದರಿಂದ ಒಂದೇ ಕೀ ಕೆಟ್ಟಿದ್ದರೆ ಕಸ ಅಥವಾ ಇರುವೆ, ಒಂದು ಗುಂಪೇ ಕೆಟ್ಟಿದ್ದರೆ ಗೆರೆ ಎಂದು ಲೆಕ್ಕ ಹಾಕುತ್ತೇನೆ.

ಗುಂಪು ಕೆಟ್ಟರೂ ತಕ್ಷಣ ಎಸೆಯಬೇಡಿ. ಹಾಳೆಯ ಬಾಲದಂಥ ತುದಿ ಒಂದು ಸಣ್ಣ ಬೋರ್ಡಿನ ಮೇಲೆ ಸ್ಕ್ರೂ ಹಾಕಿ ಒತ್ತಿಟ್ಟಿರುತ್ತದೆ. ಅಲ್ಲಿ ಪಸೆ ಕಟ್ಟಿದರೂ ಸ್ಕ್ರೂ ಸಡಿಲಾದರೂ ಇದೇ ಲಕ್ಷಣ. ಬಾಲ, ಬೋರ್ಡು ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಸ್ಕ್ರೂ ಬಿಗಿ ಮಾಡಿದರೆ ಜೀವ ಬರುವುದುಂಟು. ಕೀಗಳ ತಲೆಯನ್ನು ಕಳಚಿ ಸೋಪು ನೀರಲ್ಲಿ ತೊಳೆಯಬಹುದು, ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಒಣಗಿಸುವುದೇ ಕಷ್ಟ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬಿಸಿಲೇ ಇಲ್ಲ, ಅಲ್ವಾ? ಕೆಲವರು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಬೇಡ. ಬಿಸಿಗೆ ಹಾಳೆ ಸುರುಟುತ್ತದೆ, ಹೊಗೆಯ ಮಸಿ ಅಂಟುತ್ತದೆ. ಹಾಳೆಗಳನ್ನು ಬಿಡಿಸಿ ಫ್ಯಾನ್ ಗಾಳಿಗೆ ಹಿಡಿದು, ಆಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ರಾತ್ರಿಯಿಡೀ ಇಡುತ್ತೇನೆ. ಗೆರೆ ನಿಜವಾಗಿ ತುಂಡಾಗಿದ್ದರೆ ಹೊಸ ಕೀಬೋರ್ಡೇ ಸರಿ. ಬೆಳ್ಳಿಯ ಇಂಕಿನ ಪೆನ್‌ನಿಂದ ಜೋಡಿಸಬಹುದು, ಆದರೆ ನಮ್ಮ ತೇವಕ್ಕೆ ಅದು ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೌಸ್ ಒಂದು ಒತ್ತಿಗೆ ಎರಡಾದರೆ ಒಳಗಿನ ಸಣ್ಣ ಸ್ವಿಚ್ಚಿನ ಲೋಹ ಸವೆದಿದೆ ಅಥವಾ ಕಿಲುಬಿದೆ. ಒಂದು ಫೈಲ್ ಹಿಡಿದು ಎಳೆಯಿರಿ, ನಡುವೆ ಕೈಬಿಟ್ಟು ಬಿದ್ದರೆ ಅದೇ. ಹೊಸದು ಬರುವವರೆಗೆ ಸೆಟ್ಟಿಂಗ್‌ನಲ್ಲಿ ಎಡ, ಬಲ ಬಟನ್ ಅದಲು ಬದಲು ಮಾಡಿಕೊಂಡು ಕೆಲಸ ಸಾಗಿಸಬಹುದು. ಹೋಂಸ್ಟೇಗಳ ಗಾಜಿನ ಮೇಜಿನ ಮೇಲೆ ಮೌಸ್ ಇಟ್ಟಾಗ ಪರದೆಯ ಬಾಣ ಹಾರಾಡಿದರೆ ಮೌಸ್ ಕೆಳಗೆ ಒಂದು ಬಿಳಿ ಹಾಳೆ ಇಡಿ, ಸಾಕು.

ವಯರ್‌ಲೆಸ್ ಮೌಸ್ ತಡವರಿಸಿದರೆ ಬ್ಯಾಟರಿ ನೋಡಿ. ಸೋರಿ ಬಿಳಿ ಪುಡಿ ಕಟ್ಟಿದ್ದರೆ ನಿಂಬೆರಸ ಹಚ್ಚಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಿ. ಬ್ಯಾಟರಿ ಹೊಸದಿದ್ದೂ ಬಾಣ ನಿಂತು ನಿಂತು ಓಡಿದರೆ, ಕಂಪ್ಯೂಟರ್‌ಗೆ ಚುಚ್ಚುವ ಮೌಸಿನ ಪುಟ್ಟ ರಿಸೀವರ್, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ನ ಪಕ್ಕದಲ್ಲಿದೆಯಾ ನೋಡಿ. ಯುಎಸ್‌ಬಿ 3.0 ಓಡುವಾಗ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್‌ನ ಮೌಸಿಗೆ ಅಡ್ಡಿ ಮಾಡುತ್ತದೆ ಎಂದು ಇಂಟೆಲ್ 2012ರಲ್ಲೇ ಹೇಳಿದೆ. ಎಕ್ಸ್‌ಟೆನ್ಶನ್ ವಯರ್ ಹಾಕಿ ರಿಸೀವರನ್ನು ಮೇಜಿನ ಮೇಲೆ ತಂದಿಟ್ಟರೆ ಸರಿಹೋಗುತ್ತದೆ.

ಮಳೆಗಾಲದಲ್ಲಿ ಆಫೀಸು ಮುಚ್ಚಿದ್ದರೂ ದಿನಕ್ಕೆ ಒಂದು ಗಂಟೆ ಕಂಪ್ಯೂಟರ್ ಆನ್ ಮಾಡಿಡಿ, ಒಳಗಿನ ಬಿಸಿಗೆ ಪಸೆ ಆರುತ್ತದೆ. ಗುಡುಗಿದ್ದರೆ ಮಾತ್ರ ಪ್ಲಗ್ ತೆಗೆದೇ ಇಡಿ. ಕೀಬೋರ್ಡ್ ಮೇಲೆ ಪ್ಲಾಸ್ಟಿಕ್ ಮುಚ್ಚಬೇಡಿ, ತೇವ ಅದರಡಿ ಸಿಕ್ಕಿಹಾಕಿಕೊಳ್ಳುತ್ತದೆ. ತೆಳು ಬಟ್ಟೆ ಸಾಕು.