ವೈರಮುಡಿಗೆ ಮನೆಮಂದಿಯೆಲ್ಲ ಹೊರಡುವುದಾದರೆ

ಮೇಲುಕೋಟೆಯ ವೈರಮುಡಿ ರಾತ್ರಿಯ ಉತ್ಸವ. ವಜ್ರದ ಕಿರೀಟಕ್ಕೆ ಹಗಲ ಬೆಳಕು ತಾಗಬಾರದೆಂಬ ಸಂಪ್ರದಾಯವಿರುವುದರಿಂದ ಚೆಲುವನಾರಾಯಣನ ಮೆರವಣಿಗೆ ಕತ್ತಲಾದ ಮೇಲೆಯೇ ಹೊರಡುತ್ತದೆ, ನಡುರಾತ್ರಿ ದಾಟಿದ ಮೇಲೂ ನಡೆಯುತ್ತಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಎಡವುವುದು ಇಲ್ಲೇ. ಬೆಳಿಗ್ಗೆಯೇ ಬಂದು, ಸುಡುಬಿಸಿಲಲ್ಲಿ ಬೆಟ್ಟ ಹತ್ತಿ ಇಳಿದು, ಗರುಡ ವಾಹನ ಬೀದಿಗೆ ಬರುವ ಹೊತ್ತಿಗೆ ಮಗು ಹೆಗಲ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ. ಹಾಗಾಗಿ ದಿನವನ್ನೇ ತಿರುವುಮುರುವು ಮಾಡಿಕೊಳ್ಳಿ: ಮಧ್ಯಾಹ್ನ ಹಳ್ಳಿಯಲ್ಲಿ ನಿದ್ದೆ, ಸಂಜೆ ಮೇಲುಕೋಟೆ, ಮರುದಿನ ಹೊಲ-ಗದ್ದೆ.

ಉತ್ಸವ ಬರುವುದು ಮೀನ ಮಾಸದ ಪುಷ್ಯ ನಕ್ಷತ್ರದಂದು. ಅಂದರೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನೊಳಗೆ ಯಾವಾಗ ಬೇಕಾದರೂ ಬೀಳಬಹುದು. ಒಮ್ಮೊಮ್ಮೆ ಪರೀಕ್ಷೆಯ ನಡುವೆಯೇ. ಪಂಚಾಂಗ ನೋಡಿದ ಕೂಡಲೇ ತಂಗುವ ಜಾಗ ಗೊತ್ತು ಮಾಡಿಕೊಳ್ಳಿ. ಮೇಲುಕೋಟೆಯಲ್ಲೇ ಕೋಣೆ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಪಾಂಡವಪುರ, ಜಕ್ಕನಹಳ್ಳಿ ಕಡೆಯ ನೆಂಟರ ಮನೆ ಅಥವಾ ತೋಟದ ಮನೆಯೇ ವಾಸಿ. ರಾತ್ರಿ ಎಷ್ಟು ಹೊತ್ತಿಗಾದರೂ ಬಂದು ಮಲಗಬಹುದು.

ಕಿರೀಟ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ವೈರಮುಡಿಯನ್ನೂ ರಾಜಮುಡಿ ಎಂಬ ಇನ್ನೊಂದು ಕಿರೀಟವನ್ನೂ ಪೊಲೀಸ್ ಕಾವಲಿನಲ್ಲಿ, ಸಿಂಗರಿಸಿದ ವಾಹನದಲ್ಲಿ ತರುತ್ತಾರೆ. ದಾರಿಯ ಹಳ್ಳಿಗಳಲ್ಲಿ ತೋರಣ ಕಟ್ಟಿ ಪೂಜೆ ಮಾಡಿಸುತ್ತಾರೆ, ಎಷ್ಟೋ ಕಡೆ ಪಾನಕ-ಮಜ್ಜಿಗೆಯೂ ಇರುತ್ತದೆ. ಎರಡು-ಮೂರು ವರ್ಷದ ಕೂಸು ಇರುವವರಿಗೆ, ಮೊಣಕಾಲು ನೋವಿನ ಅಜ್ಜಿಗೆ ಇಷ್ಟು ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಜಂಗುಳಿಯಿಲ್ಲದೆ, ನೆರಳಲ್ಲಿ ಕೂತು ನೋಡಿ ಮನೆಗೆ ಮರಳಬಹುದು. ಉಳಿದವರು ಸಂಜೆ ಮುಂದೆ ಹೋಗಲಿ. ಕೆಲವು ದಿನ ಬಿಟ್ಟು ನಡೆಯುವ ರಥೋತ್ಸವ ಹಗಲಲ್ಲಿ ಇರುವುದರಿಂದ ಪುಟ್ಟ ಮಕ್ಕಳಿಗೆ ಅದೂ ಆದೀತು. ಆದರೆ ಆಗ ಬಿಸಿಲನ್ನು ತಡೆದುಕೊಳ್ಳಬೇಕು.

ಆ ದಿನ ಕಾರುಗಳನ್ನು ಊರಾಚೆಯೇ ನಿಲ್ಲಿಸುತ್ತಾರೆ, ಅಲ್ಲಿಂದ ನಡಿಗೆ. ಮಂಡ್ಯ, ಮೈಸೂರು, ಪಾಂಡವಪುರದಿಂದ ಬರುವ ಸಾರಿಗೆ ಬಸ್ಸೇ ಸಲೀಸು. ಹತ್ತಿರದ ರೈಲು ನಿಲ್ದಾಣ ಪಾಂಡವಪುರ. ಕಾರು ತಂದರೆ ಮೂತಿ ಹೊರಗೆ ಮಾಡಿ ನಿಲ್ಲಿಸಿ, ಹತ್ತಿರದ ಕಂಬವೋ ಬೋರ್ಡೋ ಸೇರಿಸಿ ಒಂದು ಫೋಟೋ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಎಲ್ಲ ಬಿಳಿ ಕಾರುಗಳೂ ಒಂದೇ ಥರ ಕಾಣುತ್ತವೆ.

ಜನಜಂಗುಳಿಯಲ್ಲಿ ಫೋನ್ ಕೈಕೊಡುತ್ತದೆ. ಟವರ್ ಮೇಲೆ ಒತ್ತಡ ಬಿದ್ದು ಕರೆ ಹೋಗುವುದಿಲ್ಲ, ಆಗ ಮೆಸೇಜ್ ಹೋಗುವ ಸಾಧ್ಯತೆ ಹೆಚ್ಚು. ಊರಿಗೆ ಕಾಲಿಟ್ಟ ಕೂಡಲೇ ಒಂದು ಜಾಗ ನಿಗದಿ ಮಾಡಿ. ಕಲ್ಯಾಣಿಯ ಮೆಟ್ಟಿಲು ಬೇಡ, ಅಲ್ಲಿ ಪಾಚಿ ಮತ್ತು ನೂಕುನುಗ್ಗಲು. ದೇವಸ್ಥಾನದ ಬಾಗಿಲೂ ಬೇಡ. ಬೀದಿಯಿಂದ ಒಳಗಿರುವ, ದೀಪ ಉರಿಯುವ ಅಂಗಡಿ ಜಗುಲಿ ಸರಿ. ಮಗುವಿನ ಮುಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಇಬ್ಬರ ನಂಬರ್ ಬರೆಯಿರಿ. ಚೀಟಿ ಜೇಬಿನಿಂದ ಬಿದ್ದುಹೋಗುತ್ತದೆ, ಸ್ಕೆಚ್ ಪೆನ್ ಬೆವರಿಗೆ ಅಳಿಸಿಹೋಗುತ್ತದೆ. ಹೊರಡುವ ಮುಂಚೆ ಆ ದಿನದ ಬಟ್ಟೆಯಲ್ಲೇ ಮಗುವಿನ ಫೋಟೋ ಇರಲಿ. ಮಗು ಕಾಣದಿದ್ದರೆ ಒಬ್ಬರು ಆ ಜಗುಲಿಯಲ್ಲೇ ನಿಂತಿರಲಿ, ಇನ್ನೊಬ್ಬರು ಪೊಲೀಸರ ಹತ್ತಿರ ಹೋಗಿ ಮೈಕಿನಲ್ಲಿ ಕೂಗಿಸಲಿ. ಇಬ್ಬರೂ ಹುಡುಕಲು ಹೊರಟರೆ ಮೂವರೂ ಕಳೆದುಹೋದ ಹಾಗೆ.

ಊಟಕ್ಕೆ ಪುಳಿಯೋಗರೆ. ಮೇಲುಕೋಟೆಯಲ್ಲೇ ಸಿಗುತ್ತದಲ್ಲ ಎನ್ನಬಹುದು, ಆದರೆ ಉತ್ಸವದ ರಾತ್ರಿ ಸಾಲು ಉದ್ದ. ನಾಲ್ವರಿಗೆ ಅರ್ಧ ಕೆಜಿ ಅಕ್ಕಿ ಉದುರುದುರಾಗಿ ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ, ಎರಡು ಚಮಚ ಎಳ್ಳೆಣ್ಣೆ ಹಾಕಿ ಪೂರ್ತಿ ಆರಲು ಬಿಡಿ. ಆಮೇಲೆ 8ರಿಂದ 10 ದೊಡ್ಡ ಚಮಚ ಗೊಜ್ಜು ಕಲಸಿ. ಬಿಸಿ ಅನ್ನಕ್ಕೆ ಕಲಸಿ ಡಬ್ಬಿ ಮುಚ್ಚಿದರೆ ಹಬೆಯಾಡಿ ಸಂಜೆಗೇ ಹಳಸಿದ ವಾಸನೆ. ಹಸಿ ಕೊಬ್ಬರಿತುರಿ ಬೇಡ, ಬೇಕಿದ್ದರೆ ಒಣಕೊಬ್ಬರಿ ಸಾಕು. ಮೊಸರನ್ನಕ್ಕೆ ಅನ್ನವನ್ನು ಹಾಲಿನಲ್ಲಿ ಮಿದ್ದು, ಒಂದೇ ಚಮಚ ಮೊಸರು ಬೆರೆಸಿ. ಬಿಸಿಲಲ್ಲಿ ನಾಲ್ಕೈದು ಗಂಟೆಯಲ್ಲಿ ತಾನಾಗೇ ಹದಕ್ಕೆ ಬರುತ್ತದೆ, ಹುಳಿ ಏರುವುದಿಲ್ಲ. ಅದನ್ನು ಹಗಲಲ್ಲೇ ತಿಂದು ಮುಗಿಸಿ, ರಾತ್ರಿಗೆ ಪುಳಿಯೋಗರೆ ಇರಲಿ. ನೀರು ತಲೆಗೆ ಎರಡು ಲೀಟರಿಗೆ ಕಡಿಮೆ ಬೇಡ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮನಾಗಿ, ಗೋಪುರವಿಲ್ಲದೆ. ಉಪ್ಪು ಜಾಸ್ತಿಯಾದರೆ ಮಗುವಿಗೆ ಒಳ್ಳೆಯದಲ್ಲ.

ಯೋಗನರಸಿಂಹ ಬೆಟ್ಟವನ್ನು ಉತ್ಸವದ ದಿನ ಬಿಟ್ಟುಬಿಡಿ. ಮರುದಿನವೂ ನಿದ್ದೆಗೆಟ್ಟ ಮಕ್ಕಳನ್ನು ಹತ್ತಿಸಬೇಡಿ. ಮೂರನೇ ದಿನ ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದರೆ ಕಲ್ಲು ಕಾಯ್ದಿರುವುದಿಲ್ಲ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ. ಹಣ್ಣುಕಾಯಿಯನ್ನೂ ಬಟ್ಟೆ ಚೀಲದೊಳಗೆ ಇಡಿ.

ಹಳ್ಳಿಯ ದಿನ ನಿಜವಾದ ಎಚ್ಚರಿಕೆ ಬೇಕಿರುವುದು ನೀರಿನ ವಿಷಯದಲ್ಲಿ. ವಿಶ್ವೇಶ್ವರಯ್ಯ ನಾಲೆ ಮೇಲೆ ನೋಡಿದರೆ ಸಾಧು, ಒಳಗೆ ಸೆಳೆತ. ಕಾಂಕ್ರೀಟ್ ಏರಿ ಇಳಿಜಾರಾಗಿ ಜಾರುವುದರಿಂದ ಈಜು ಬಂದವರಿಗೂ ಹತ್ತಲು ಹಿಡಿ ಸಿಗುವುದಿಲ್ಲ. ಕೃಷಿ ಹೊಂಡ ಇನ್ನೂ ಮೋಸ: ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲೂರಲು ಆಗುವುದಿಲ್ಲ. ತೋಟದ ಮನೆಗೆ ಹೋದ ಕೂಡಲೇ ಹೊಂಡ, ಕಟ್ಟೆಯಿಲ್ಲದ ಬಾವಿ ಎಲ್ಲಿವೆ ಎಂದು ಮನೆಯವರನ್ನೇ ಕೇಳಿ, ದೊಡ್ಡವರಿಲ್ಲದೆ ಮಕ್ಕಳನ್ನು ಆ ಕಡೆ ಬಿಡಬೇಡಿ. ತೊಣ್ಣೂರು ಕೆರೆಯನ್ನು ಏರಿ ಮೇಲಿಂದ ನೋಡಿ, ನಂಬಿನಾರಾಯಣ ಗುಡಿಗೆ ಹೋಗಿ ಬನ್ನಿ. ಕೆರೆಗೆ ಇಳಿಯಬೇಡಿ, ಆಳ ಬಹಳ. ಮಕ್ಕಳಿಗೆ ನೀರಾಟ ಬೇಕೇ ಬೇಕೆಂದರೆ ಪಂಪ್‌ಸೆಟ್ ತೊಟ್ಟಿ, ಅದೂ ಮೊಣಕಾಲುದ್ದ ನೀರಿದ್ದರೆ. ಕರೆಂಟ್ ಬರುವ ಹೊತ್ತು ಕೇಳಿಕೊಂಡು ಹೋಗಿ, ಹೊಲದ ಲೈನಿಗೆ ದಿನವಿಡೀ ಇರುವುದಿಲ್ಲ. ಸಂಜೆ ಕಬ್ಬಿನ ಗದ್ದೆ ಬದಿಯಲ್ಲಿ ಓಡಾಡಲು ಟಾರ್ಚ್, ಮುಚ್ಚಿದ ಶೂ ಬೇಕು. ಹಾವು ಇರುವ ಜಾಗ.

ಈ ಸೀಮೆಗೆ ಬಂದು ಆಲೆಮನೆ ನೋಡದೆ ಹೋಗಬೇಡಿ. ಗಾಣದ ಹತ್ತಿರ ದುಪಟ್ಟಾ, ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಕೊಪ್ಪರಿಗೆಯಿಂದ ಮಕ್ಕಳು ನಾಲ್ಕು ಮಾರು ದೂರ ನಿಲ್ಲಲಿ; ಕುದಿಯುವ ಪಾಕ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಬಿಸಿನೀರಿಗಿಂತ ಆಳವಾಗಿ ಸುಡುತ್ತದೆ. ಬೆಲ್ಲ ಕೊಳ್ಳುವಾಗ ಹಳದಿ ಹೊಳಪಿಗೆ ಮರುಳಾಗಬೇಡಿ, ಆ ಬಣ್ಣಕ್ಕೆ ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚು. ಕಂದು ಬಣ್ಣದ್ದನ್ನು ಆರಿಸಿ. ಅಚ್ಚಿನಿಂದ ಆಗಷ್ಟೇ ತೆಗೆದದ್ದಾದರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಬೆವೆತು ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಶುಭ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕಾರಿನಲ್ಲಿ ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ.