ಮಕ್ಕಳ ಕ್ರಿಸ್ಮಸ್ ಕಿಟ್: ನಾನು ಮಾಡಿಕೊಡುವುದೆಷ್ಟು, ಅವರಿಗೆ ಬಿಡುವುದೆಷ್ಟು

ಕ್ರಿಸ್ಮಸ್ ಕ್ರಾಫ್ಟ್ ಕಿಟ್ ಮಾಡಲು ಕೂತಾಗ ನಾನು ಮೊದಲು ತೀರ್ಮಾನಿಸುವುದು ಯಾವ ಕೆಲಸ ನನ್ನದು, ಯಾವುದು ಮಗುವಿನದು ಎಂಬುದನ್ನು. ಎಲ್ಲವನ್ನೂ ಕತ್ತರಿಸಿ ಗುರುತು ಹಾಕಿ ಕೊಟ್ಟರೆ ಮಗು ಐದು ನಿಮಿಷದಲ್ಲಿ ಅಂಟಿಸಿ ಎದ್ದು ಹೋಗುತ್ತದೆ. ಎಲ್ಲರ ಕೈಯಲ್ಲೂ ಅಚ್ಚೊತ್ತಿದಂತೆ ಒಂದೇ ಸಾಂತಾ. ಬರೀ ಸಾಮಾನು ತುಂಬಿ ಕೊಟ್ಟರೋ, "ಆಂಟೀ, ಇದು ನಿಲ್ತಾನೇ ಇಲ್ಲ" ಎನ್ನುವವರ ಸಾಲು. ಹಾಗಾಗಿ ಬಲ ಬೇಕಾದ ಕೆಲಸ, ಒಣಗಲು ಕಾಯಬೇಕಾದ ಕೆಲಸ ನನ್ನ ಪಾಲಿಗೆ. ಬಣ್ಣ ಆರಿಸುವುದು, ಸುತ್ತುವುದು, ಹೆಣೆಯುವುದು, ಅಲಂಕಾರ ಅವರ ಪಾಲಿಗೆ.

ಐಸ್‌ಕ್ರೀಂ ಕಡ್ಡಿಯ ಮರ ಇದಕ್ಕೆ ಒಳ್ಳೆಯ ಉದಾಹರಣೆ. ಮೂರು ಕಡ್ಡಿಗಳನ್ನು ತ್ರಿಕೋನವಾಗಿ ಜೋಡಿಸಿ ಮೇಲೆ ಹಸಿರು ಉಲ್ಲನ್ ದಾರ ಸುತ್ತಿದರೆ ಆಯಿತು, ನಾಲ್ಕೈದು ವರ್ಷದವರೂ ಮಾಡುತ್ತಾರೆ. ಆದರೆ ಕಡ್ಡಿಗೆ ಹಾಕಿದ ಬಿಳಿ ಅಂಟು ಹಿಡಿದುಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ದಿನ. ಮಕ್ಕಳಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ತ್ರಿಕೋನಗಳನ್ನು ಹಿಂದಿನ ದಿನವೇ ಅಂಟಿಸಿ, ಮೂಲೆಗೊಂದು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಣಗಿಸಿಡುತ್ತೇನೆ. ದಾರ 2 ಮೀಟರ್ ಸಾಕು. ಕಡ್ಡಿಯ ಉದ್ದ ಸುಮಾರು 11 ಸೆಂ.ಮೀ. ಇರುವುದರಿಂದ ಇಪ್ಪತ್ತರ ಆಸುಪಾಸು ಸುತ್ತು ಬರುತ್ತದೆ. ಇನ್ನೂ ಉದ್ದ ಕೊಟ್ಟರೆ ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದಾರವನ್ನು ಒಂದು ರಟ್ಟಿನ ತುಂಡಿಗೆ ಸುತ್ತಿ, ಅದರ ತುದಿಯನ್ನು ಕಡ್ಡಿಗೆ ನಾನೇ ಗಂಟು ಹಾಕಿರುತ್ತೇನೆ. ಆಮೇಲೆ ನಾನು ಬಾಯಿ ಹಾಕುವುದಿಲ್ಲ. ಒಬ್ಬಳು ಇಡೀ ದಾರವನ್ನು ತುದಿಯಲ್ಲೇ ದಪ್ಪಗೆ ಸುತ್ತಿ ಕೆಳಗೆಲ್ಲ ಖಾಲಿ ಬಿಟ್ಟಿದ್ದಳು. ಕೇಳಿದರೆ, "ಗಿಫ್ಟ್ ಇಡೋಕೆ ಜಾಗ ಬೇಡ್ವಾ?"

ಕಾಗದದ ಸರಪಳಿ ಎಲ್ಲಕ್ಕಿಂತ ಸುಲಭ. ಎ4 ಹಾಳೆಯನ್ನು ಅಡ್ಡಕ್ಕೆ 3 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿದರೆ 9 ಪಟ್ಟಿ ಬಂದು ಒಂದು ಚೂರು ಉಳಿಯುತ್ತದೆ, ಅದು ಹೆಸರು ಬರೆಯುವ ಚೀಟಿಗೆ. ಮೂರು ಹಾಳೆಗೆ 27 ಪಟ್ಟಿ. ಕ್ರಿಸ್ಮಸ್‌ಗೆ ದಿನ ಎಣಿಸುತ್ತಾ ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಉಂಗುರ ಹರಿಯಲು 24, ಹಾಳಾದರೆ ಇರಲಿ ಎಂದು ಮೂರು. ಈ ಕಿಟ್ ಮಾತ್ರ ನವೆಂಬರ್ ಮುಗಿಯುವುದರೊಳಗೆ ಮಕ್ಕಳ ಕೈ ಸೇರಿರಬೇಕು.

ಹಿಮದ ಹೂವಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹಿಮದ ಹರಳಿಗೆ ಆರು ಮೂಲೆ. ಕಾಗದದಲ್ಲಿ ಎಂಟು ಮೂಲೆಯದನ್ನು ಕಂಡರೆ ನನಗೆ ಸಮಾಧಾನವಿಲ್ಲ. ಚೌಕವನ್ನು ಕರ್ಣದ ಮೇಲೆ ಮಡಚಿ, ಇನ್ನೊಮ್ಮೆ ಅರ್ಧ ಮಡಚಿ, ಆ ತ್ರಿಕೋನದ ಲಂಬಕೋನವನ್ನು ಮೂರು ಪಾಲು ಮಾಡಿ ಮಡಚಿದರೆ 12 ಪದರ ಬರುತ್ತದೆ. ಮೂರು ಪಾಲು ಮಾಡುವುದು ಚಿಕ್ಕವರಿಗೆ ಕಷ್ಟ, ಅದನ್ನು ನಾನೇ ಮಡಚಿಟ್ಟಿರುತ್ತೇನೆ. ಮೊಂಡು ತುದಿಯ ಪುಟ್ಟ ಕತ್ತರಿಗೆ ಮಾಮೂಲಿ ಹಾಳೆಯ 12 ಪದರ ಬಗ್ಗುವುದಿಲ್ಲ, ತೆಳು ಟಿಶ್ಯೂ ಕಾಗದವೇ ಬೇಕು.

ಎಂಟು ವರ್ಷ ದಾಟಿದವರಿಗೆ ನನ್ನ ಮೆಚ್ಚಿನ ಕಿಟ್ ಡೆನ್ಮಾರ್ಕ್‌ನ ಹೆಣಿಗೆಯ ಹೃದಯ. ಕಥೆಗಾರ ಹಾನ್ಸ್ ಕ್ರಿಸ್ಟಿಯನ್ ಆಂಡರ್ಸನ್ 1860ರಲ್ಲಿ ಮಾಡಿದ ಇಂಥದ್ದೊಂದು ಕಾಗದದ ಹೃದಯ ಇಂದಿಗೂ ಉಳಿದಿದೆ. ಬೇಕಾಗುವುದು ಎರಡು ಬಣ್ಣದ ಕಾಗದ, ಅಷ್ಟೇ; ಅಂಟೇ ಬೇಡ. ಒಂದೊಂದು ಬಣ್ಣದಲ್ಲೂ 28 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಒಂದು ತುಂಡನ್ನು ಅರ್ಧಕ್ಕೆ ಮಡಚಿ, ಬಿಡಿ ತುದಿಯನ್ನು ಗುಂಡಗೆ ಕತ್ತರಿಸಬೇಕು. ಮಡಿಕೆಯ ಕಡೆಯಿಂದ ಎರಡು ಸೀಳು ಹಾಕಿದರೆ ಮೂರು ಪಟ್ಟಿ. ಅಗಲ 9 ಇದ್ದರೂ ಸೀಳು 9.5 ಸೆಂ.ಮೀ. ಇರಲಿ. ಆ ಅರ್ಧ ಸೆಂಟಿಮೀಟರ್ ಸಡಿಲ ಇಲ್ಲದಿದ್ದರೆ ಕೊನೆಯ ಪಟ್ಟಿ ಒಳಗೆ ಹೋಗದು, ಎಳೆದರೆ ಕಾಗದ ಹರಿಯುತ್ತದೆ. ದಪ್ಪ ಕಾರ್ಡ್‌ಶೀಟ್ ಇದಕ್ಕೆ ಆಗದು, 80 ಜಿಎಸ್‌ಎಂ (ಮಾಮೂಲಿ ಪ್ರಿಂಟ್ ಹಾಳೆಯಷ್ಟು ದಪ್ಪದ) ಬಣ್ಣದ ಹಾಳೆ ಸರಿ.

ಹೆಣೆಯುವಾಗ ಚಾಪೆಯಂತೆ ಮೇಲೆ ಕೆಳಗೆ ಹೋದರೆ ಆಗುವುದಿಲ್ಲ. ಕೆಂಪು ಪಟ್ಟಿ ಮೊದಲ ಬಿಳಿ ಪಟ್ಟಿಯ ಹೊಟ್ಟೆಯೊಳಗೆ, ಅಂದರೆ ಅದರ ಎರಡು ಪದರದ ನಡುವೆ, ಹೋಗಬೇಕು, ಎರಡನೆಯದನ್ನು ತನ್ನ ಹೊಟ್ಟೆಯೊಳಗೆ ತೂರಿಸಿಕೊಳ್ಳಬೇಕು, ಮೂರನೆಯದರೊಳಗೆ ಮತ್ತೆ ತಾನು ಹೋಗಬೇಕು. ಮುಂದಿನ ಸಾಲಿನಲ್ಲಿ ತಿರುಗುಮುರುಗು. ಇದನ್ನು ಬರೆದು ತಿಳಿಸುವುದು ದಂಡ, ಆದ್ದರಿಂದ ಪ್ರತಿ ಕಿಟ್‌ನಲ್ಲೂ ಮೊದಲ ಸಾಲು ಹೆಣೆದ ಮಾದರಿಯೊಂದನ್ನು ಇಡುತ್ತೇನೆ. ಮಕ್ಕಳು ಅದನ್ನು ಬಿಚ್ಚಿ ನೋಡಿ ಕಲಿಯುತ್ತಾರೆ. ಸರಿಯಾಗಿ ಹೆಣೆದಿದ್ದರೆ ಹೃದಯ ಬುಟ್ಟಿಯಂತೆ ಬಾಯಿ ತೆರೆಯುತ್ತದೆ. ತಪ್ಪಿದ್ದರೆ ಎಲ್ಲೋ ಒಂದು ಕಡೆ ಹೊಲಿದಂತೆ ಮುಚ್ಚಿಕೊಂಡಿರುತ್ತದೆ. ಎಲ್ಲಿ ತಪ್ಪಿತೆಂದು ಹುಡುಕಲು ನನ್ನನ್ನು ಕರೆಯಬೇಕಾಗಿಯೇ ಇಲ್ಲ.

ಕಿಟ್‌ಗೆ ಹಾಕದ ವಸ್ತುಗಳೂ ಇವೆ. ಮಿಣುಕು ದೀಪದ ಗುಂಡಿ ಬ್ಯಾಟರಿ ಯಾವ ವಯಸ್ಸಿನವರಿಗೂ ಇಲ್ಲ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲ ವಸ್ತು ಅದು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇರುವ ಮನೆಗೆ ಹೋಗುವ ಕಿಟ್‌ನಲ್ಲಿ ಮಣಿ, ಪೊಂಪೊಂ, ಅಂಟಿಸುವ ಕಣ್ಣು ಇರುವುದಿಲ್ಲ. ಆಟಿಕೆಗಳ ಪರೀಕ್ಷೆಗೆ ಬಳಸುವ ಕೊಳವೆಯ ವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಹಿಡಿಸುವ ಚೂರು ಅಂಥ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ಲೆಕ್ಕ. ನಾನು ಟಿಶ್ಯೂ ರೋಲಿನ ಖಾಲಿ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡುತ್ತೇನೆ. ಅದು ಇನ್ನೂ ತುಸು ಅಗಲ, ಹಾಗಾಗಿ ಇನ್ನಷ್ಟು ಬಿಗಿ. ಗ್ಲಿಟರ್ ಪುಡಿಯನ್ನು ಯಾವತ್ತೋ ಕೈಬಿಟ್ಟೆ. ಸಡಿಲ ಪ್ಲಾಸ್ಟಿಕ್ ಗ್ಲಿಟರ್‌ಗೆ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿರ್ಬಂಧ ಹಾಕಿತು. ಅದಿರಲಿ, ನೆಲದಿಂದ ಆ ಪುಡಿಯನ್ನು ಒಮ್ಮೆ ಗುಡಿಸಿದವರಿಗೆ ಬೇರೆ ಕಾರಣ ಬೇಡ. ಬಂಗಾರದ ಬಣ್ಣದ ಕಾಗದದಲ್ಲಿ ಪಂಚಿಂಗ್ ಮಷೀನಿನಿಂದ ತೆಗೆದ ಚುಕ್ಕಿಗಳನ್ನು ದೊಡ್ಡ ಮಕ್ಕಳಿಗೆ ಕೊಡುತ್ತೇನೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ ಕಿಟ್‌ನಲ್ಲಿ ಬೊಂಬೆಗಳು ಹೆಚ್ಚು, ಕಳೆಯುವುದೂ ಹೆಚ್ಚು. ಬಾಲಯೇಸು, ಮರಿಯ, ಯೋಸೇಫರನ್ನು ಒಂದೇ ತುಂಡಿನಲ್ಲಿ ಕತ್ತರಿಸುತ್ತೇನೆ. ಮಗುವನ್ನು ನೋಡಲು ಕಾಣಿಕೆ ಹೊತ್ತು ಬಂದ ಜೋಯಿಸರು ಬಿಡಿ ಬಿಡಿ. ಅವರು ಎಷ್ಟು ಮಂದಿ ಎಂದು ಮತ್ತಾಯನ ಸುವಾರ್ತೆಯಲ್ಲಿ ಹೇಳಿಲ್ಲ, ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆ ಮೂರು ಅಷ್ಟೇ. ಹೀಗಾಗಿ ಒಬ್ಬ ಕಳೆದರೂ ತಕರಾರಿಲ್ಲ.

ತುಂಬುವಾಗ ಖಾಲಿ ಜಿಪ್ ಕವರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ಸುತ್ತಿಗೆ ಒಂದೇ ವಸ್ತು ಹಾಕುತ್ತಾ ಹೋಗುತ್ತೇನೆ: ಮೊದಲು ಕಡ್ಡಿ ತ್ರಿಕೋನ, ಆಮೇಲೆ ದಾರ, ಆಮೇಲೆ ಚುಕ್ಕಿ. ಒಂದೊಂದು ಕವರನ್ನೇ ಪೂರ್ತಿ ತುಂಬುತ್ತಾ ಹೋದರೆ ಯಾವುದೋ ಒಂದರಲ್ಲಿ ಏನೋ ಬಿಟ್ಟುಹೋಗುತ್ತದೆ. ಅಂಟು ಕವರಿನೊಳಗೆ ಹೋಗುವುದಿಲ್ಲ, ಮೇಜಿಗೊಂದು ಗ್ಲೂ ಸ್ಟಿಕ್. ಮಗುವಿನ ಹೆಸರಿನ ಚೀಟಿ ಹೊರಗೆ, ಮಾಡಿ ಮುಗಿಸಿದ ವಸ್ತುವಿನ ಫೋಟೋ ಒಳಗೆ, ಚಿತ್ರ ಹೊರಗೆ ಕಾಣದಂತೆ ತಿರುಗಿಸಿ. ಫೋಟೋ ನೋಡದೆಯೇ ಶುರು ಮಾಡುವ ಮಕ್ಕಳು ಇರುತ್ತಾರೆ, ಅವರನ್ನು ತಡೆಯಬಾರದು.