ಕಾರಿನ ಹಿಂದೆ ಟ್ರೇಲರ್: ಬೀಡು ಬದಲಿಸುವ ದಿನ ಹೀಗಿರಲಿ

ಬೇಸಿಗೆ ರಜೆಯಲ್ಲಿ ಕಾರಿಗೆ ಮಲಗುವ ಟ್ರೇಲರ್ ಕಟ್ಟಿಕೊಂಡು ಹುಬ್ಬಳ್ಳಿಯಿಂದ ಲಕ್ಕುಂಡಿ, ಬಾದಾಮಿ, ದಾಂಡೇಲಿ ಎಂದು ತಂಗುತ್ತ ಸುತ್ತಲು ಹೊರಟವರು ತಮ್ಮ ಯೋಚನೆಯನ್ನೆಲ್ಲ ತಂಗುವ ಜಾಗಕ್ಕೇ ಮೀಸಲಿಡುತ್ತಾರೆ. ಆದರೆ ಪ್ರವಾಸ ಹದಗೆಡುವುದು ಒಂದು ಬೀಡಿನಿಂದ ಇನ್ನೊಂದಕ್ಕೆ ಹೋಗುವ ದಿನ. ಆ ದಿನಕ್ಕೆ ಬೇರೆ ಯಾವ ಕಾರ್ಯಕ್ರಮವನ್ನೂ ಹಚ್ಚಿಕೊಳ್ಳಬೇಡಿ. ದೇವಸ್ಥಾನ, ಕೋಟೆ, ನೆಂಟರ ಮನೆ ಎಲ್ಲವೂ ಮರುದಿನಕ್ಕಿರಲಿ.

ಕಾಗದಪತ್ರ

ಟ್ರೇಲರ್‌ಗೂ ನೋಂದಣಿ ಬೇಕು. ಎಳೆಯುವ ಕಾರಿನ ನೋಂದಣಿ ಸಂಖ್ಯೆ ಟ್ರೇಲರ್ ಮೇಲೂ ಕಾಣಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆ ಟ್ರೇಲರ್‌ಗೂ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲೇ ಪಡೆದುಕೊಳ್ಳಿ. ನಿಮ್ಮ ಕಾರು ಎಷ್ಟು ತೂಕ ಎಳೆಯಬಹುದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ. ಎಳೆಯಬಾರದು ಎಂದಿದ್ದರೆ ಆ ಕಾರನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ.

ತೂಕ

ಎಲ್ಲಕ್ಕಿಂತ ಮುಖ್ಯವಾದುದು ಇದು. ಸಾಮಾನು ತುಂಬಿದ ಮೇಲೆ ಟ್ರೇಲರನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ. ಹುಬ್ಬಳ್ಳಿಯವರಿಗೆ ಅಮರಗೋಳದ ಎಪಿಎಂಸಿಯ ಕಡೆ ಹೋದರೆ ಇದು ಕಷ್ಟದ ಕೆಲಸವಲ್ಲ. ಒಟ್ಟು ತೂಕದ ಶೇ 10ರಿಂದ 15ರಷ್ಟು ಟ್ರೇಲರ್‌ನ ಮೂತಿಯ, ಅಂದರೆ ಕಾರಿಗೆ ಸಿಕ್ಕಿಸುವ ಮುಂತುದಿಯ ಮೂಲಕ ಕಾರಿನ ಕೊಂಡಿಯ ಮೇಲೆ ಬೀಳಬೇಕು. ಟ್ರೇಲರ್ 600 ಕಿಲೊ ಇದ್ದರೆ ಮೂತಿಯ ಭಾರ 60ರಿಂದ 90 ಕಿಲೊ. ಕೊಂಡಿ ತಾಳುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನನ್ನೇ ಇಳಿಸಿ. ಹಿಂಭಾರವಾದ ಚಕ್ಕಡಿಯ ನೊಗ ಎತ್ತಿನ ಹೆಗಲಿನಿಂದ ಮೇಲೇಳುವ ಹಾಗೆ, ಹಿಂದೆ ತುಂಬಿದ ಟ್ರೇಲರ್ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ವೇಗ ಹೆಚ್ಚಿದಾಗ ಅದೇ ಟ್ರೇಲರ್ ಬಾಲದಂತೆ ಓಲಾಡತೊಡಗುತ್ತದೆ.

ಭಾರದ ಸಾಮಾನು ಗಾಲಿಗಳ ನೇರಕ್ಕೆ, ನೆಲಕ್ಕೆ ಹತ್ತಿರವಾಗಿ, ಸ್ವಲ್ಪ ಮುಂದಕ್ಕೆ ಇರಲಿ. ನಲ್ಲಿಗೆ ನೀರು ಬಂದ ದಿನ ಸಿಕ್ಕ ಪಾತ್ರೆಗಳಿಗೆಲ್ಲ ತುಂಬಿಡುವುದು ನಮ್ಮ ಊರಿನವರ ರೂಢಿ. ಇಲ್ಲಿ ಅದು ಬೇಡ. 100 ಲೀಟರ್ ನೀರೆಂದರೆ 100 ಕಿಲೊ, ಟ್ಯಾಂಕ್ ಅರ್ಧ ತುಂಬಿದ್ದರೆ ನೀರು ತುಳುಕಾಡಿ ತೊಂದರೆ ಹೆಚ್ಚು. ದಾರಿಗೆ ಕುಡಿಯುವಷ್ಟು ಇಟ್ಟುಕೊಂಡು ಉಳಿದುದನ್ನು ತಲುಪಿದ ಮೇಲೆ ತುಂಬಿಸಿ. ಗ್ಯಾಸ್ ಸಿಲಿಂಡರ್‌ನ ರೆಗ್ಯುಲೇಟರ್ ತೆಗೆದು, ನಿಲ್ಲಿಸಿಯೇ ಬಿಗಿದು ಕಟ್ಟಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದರೆ ದಾರಿಯಲ್ಲಿ ಒಲೆ ಹಚ್ಚುವ ಮಾತೇ ಬರುವುದಿಲ್ಲ.

ಕೊಂಡಿ ಹಾಕುವುದು

ಟ್ರೇಲರ್‌ನ ಮೂತಿಯಲ್ಲಿರುವ ಬಟ್ಟಲನ್ನು ಕಾರಿನ ಹಿಂದಿನ ಕೊಂಡಿಯ ಗುಂಡಿನ ಮೇಲೆ ಇಳಿಸಿ, ಚಿಲಕ ಬೀಳಿಸಿ, ಪಿನ್ ಹಾಕಿ. ಇಷ್ಟಕ್ಕೇ ನಂಬಿ ಹೊರಡಬೇಡಿ. ಮೂತಿಯ ಜಾಕನ್ನು ತಿರುಗಿಸಿ ಟ್ರೇಲರನ್ನು ಮತ್ತೆ ಮೇಲಕ್ಕೆತ್ತಲು ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಚಿಲಕ ಕಚ್ಚಿದೆ ಎಂದರ್ಥ. ಬಟ್ಟಲು ಮಾತ್ರ ಎದ್ದು ಬಂದರೆ ಮೊದಲಿನಿಂದ ಶುರು ಮಾಡಿ. ಟ್ರೇಲರ್‌ನ ಎರಡೂ ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಕಾರಿಗೆ ಕಟ್ಟಿ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ನಾಟದೆ ಆ ಸರಪಳಿಗಳ ಮೇಲೆ ನಿಲ್ಲುತ್ತದೆ. ಬ್ರೇಕ್ ದೀಪ, ಇಂಡಿಕೇಟರ್‌ಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಟೈರ್ ಗಾಳಿಯನ್ನು ಬೆಳಿಗ್ಗೆ ಚಕ್ರ ತಣ್ಣಗಿರುವಾಗಲೇ ಅಳೆಯಿರಿ.

ರಸ್ತೆಯಲ್ಲಿ

ಹುಬ್ಬಳ್ಳಿಯಿಂದ ಗದಗಕ್ಕೆ 60 ಕಿ.ಮೀ. ಒಳಗೆ, ಅಲ್ಲಿಂದ ಲಕ್ಕುಂಡಿ ಸುಮಾರು 12 ಕಿ.ಮೀ. ಮೊದಲ ದಿನಕ್ಕೆ ಇಷ್ಟು ಸಾಕು. ನಸುಕಿನಲ್ಲೇ ಹೊರಟರೆ ಬಿಸಿಲೇರುವ ಮೊದಲು ತಲುಪಬಹುದು, ಟೈರ್‌ಗಳಿಗೂ ಅದೇ ಕ್ಷೇಮ. ವೇಗ 60ರ ಆಸುಪಾಸಿನಲ್ಲಿರಲಿ. ಟ್ರೇಲರ್ ಒಳಗೆ ಯಾರೂ ಕೂರಬಾರದು. ಮಕ್ಕಳು ಎಷ್ಟೇ ಹಟ ಮಾಡಿದರೂ ಇದರಲ್ಲಿ ಸಡಿಲಿಕೆ ಬೇಡ.

ರಸ್ತೆ ಉಬ್ಬನ್ನು ಕಾರು ದಾಟಿದ ಮೇಲೂ ಟ್ರೇಲರ್ ಇನ್ನೂ ದಾಟಬೇಕಿರುತ್ತದೆ, ಅಲ್ಲಿಯವರೆಗೆ ಆಕ್ಸಿಲರೇಟರ್ ಒತ್ತಬೇಡಿ. ತಿರುವಿನಲ್ಲಿ ಟ್ರೇಲರ್ ಒಳಮಗ್ಗುಲಿಗೆ ಸರಿಯುವುದರಿಂದ ತುಸು ಅಗಲವಾಗಿ ತಿರುಗಿಸಿ. ಗದಗದ ಬಯಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಗಾಳಿ ಟ್ರೇಲರ್‌ನ ಮಗ್ಗುಲಿಗೂ ಬಡಿಯುತ್ತದೆ. ಗಾಳಿಗೋ ಪಕ್ಕದಲ್ಲಿ ನುಗ್ಗಿ ಹೋಗುವ ಬಸ್ಸಿಗೋ ಟ್ರೇಲರ್ ಓಲಾಡಿದರೆ ಜೋರಾಗಿ ಬ್ರೇಕ್ ಹಾಕಬೇಡಿ, ವೇಗ ಹೆಚ್ಚಿಸಲೂ ಬೇಡಿ. ಸ್ಟಿಯರಿಂಗ್ ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಿರಿ. ಯಲ್ಲಾಪುರ ದಾಟಿ ಕರಾವಳಿಗೆ ಇಳಿಯುವವರು ಅರಬೈಲ್ ಘಟ್ಟದ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬರಬೇಕು. ಬ್ರೇಕ್ ಒಂದನ್ನೇ ನೆಚ್ಚಿದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ.

ತಲುಪಿದ ಮೇಲೆ

ಮೊದಲು ಇಳಿದು ನಡೆದು ನೆಲ ನೋಡಿ. ಅಣ್ಣಿಗೇರಿ, ನವಲಗುಂದ, ಗದಗದ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಕಲ್ಲಿನಂತಿರುತ್ತದೆ. ಆದರೆ ಸಂಜೆ ಗುಡುಗಿ ಒಂದು ಮಳೆ ಹೊಡೆದರೆ ಗಾಲಿ ಹೂತು ಬೆಳಿಗ್ಗೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಗರಸು ಹಾಸಿದ ಜಾಗವನ್ನೇ ಕೇಳಿ ಪಡೆಯಿರಿ. ಮರದ ನೆರಳು ಹಗಲಿಗೆ ಹಿತ, ರಾತ್ರಿಯ ಬಿರುಗಾಳಿಗೆ ಕೊಂಬೆ ಮುರಿದು ಬೀಳುವ ಭಯ. ಟ್ರೇಲರ್ ನಿಲ್ಲಿಸುವುದು ಮರದಿಂದ ದೂರದಲ್ಲಿರಲಿ.

ರಿವರ್ಸ್ ತೆಗೆಯುವಾಗ ಕೈಯನ್ನು ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಹಿಡಿಯಿರಿ. ಟ್ರೇಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕೆಂದರೆ ಕೈಯನ್ನು ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ಸರಿಸಿದರೆ ಸಾಕು. ಸ್ವಲ್ಪ ಸ್ವಲ್ಪವೇ ಸರಿಸಿ, ಸೊಟ್ಟಗಾದರೆ ಮುಂದಕ್ಕೆ ಬಂದು ನೇರ ಮಾಡಿಕೊಳ್ಳಿ. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದ ಅಣ್ಣನೋ ಮಾವನೋ ಜೊತೆಗಿದ್ದರೆ ಅವರಿಂದಲೇ ಕಲಿಯಿರಿ. ಇದರಲ್ಲಿ ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಗೌಂಡಿಗಳ ರಸಮಟ್ಟ ಇಟ್ಟು ಮೊದಲು ಎಡ-ಬಲದ ಮಟ್ಟ ನೋಡಿ, ತಗ್ಗಿರುವ ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿ. ಆಮೇಲೆ, ಕೊಂಡಿ ಬಿಚ್ಚುವ ಮೊದಲು, ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಬೇಕು. ಕೊಂಡಿ ಬಿಚ್ಚಿದ ಮೇಲೆ ಹಿಂದು-ಮುಂದಿನ ಮಟ್ಟವನ್ನು ಮೂತಿಯ ಜಾಕಿನಿಂದ ಸರಿಪಡಿಸಿ. ಮೂಲೆಯ ಕಾಲುಗಳನ್ನು ಕೊನೆಗೆ ಇಳಿಸಬೇಕು. ಅವು ಅಲುಗಾಟ ತಡೆಯಲು ಇರುವುದೇ ಹೊರತು ಟ್ರೇಲರನ್ನು ಎತ್ತಲು ಅಲ್ಲ.

ಮುಂದಿನ ಊರಿಗೆ ಹೊರಡುವಾಗ ಇದೆಲ್ಲವೂ ತಿರುವುಮುರುವು. ಕಾಲುಗಳನ್ನು ಮೇಲೆತ್ತಿ, ಕೊಂಡಿ ಹಾಕಿ, ಅಡ್ಡಗಲ್ಲುಗಳನ್ನು ಕಟ್ಟಕಡೆಗೆ ತೆಗೆಯಿರಿ. ಕಸ ನಿಮ್ಮ ಜೊತೆಗೇ ಬರಲಿ. ಗಾಲಿ ಬಿಚ್ಚಿ ಹಾಕಿದ್ದರೆ ಮೊದಲ 80 ಕಿ.ಮೀ. ಒಳಗೆ ಒಮ್ಮೆ ನಿಲ್ಲಿಸಿ ನಟ್‌ಗಳನ್ನು ಮತ್ತೆ ಬಿಗಿ ಮಾಡಿ.